ಸಿಸ್ಟರ್ ಎಷ್ಟು, ಅವರಲ್ಲಿ ಗಂಡಸರೆಷ್ಟು?

ಕೋಥರೂಡ, ಪುಣೆ
15 ಜೂನ್ 2025

ಚಿರಂಜೀವಿ ಕುಶಲನಿಗೆ ತಂದೆಯ ಆಶೀರ್ವಾದ.

‘ಉಭಯ ಕುಶಲೋಪರಿ’ ಎಂದು ಪತ್ರ ಶುರು ಮಾಡುವುದು ನಮ್ಮ ಕಡೆಯ ರೂಢಿ. ನಿನಗೆ ಈ ಹೆಸರಿಟ್ಟು ನಾನೇ ಆ ದಾರಿ ಮುಚ್ಚಿಕೊಂಡಿದ್ದೇನೆ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಕೋಥರೂಡದಿಂದ ವಾಕಡಕ್ಕೆ ಅಂಚೆಯಲ್ಲಿ ಪತ್ರ ಹಾಕುವವನು ಈ ಊರಿನಲ್ಲಿ ಬಹುಶಃ ನಾನೊಬ್ಬನೇ. ಇದು ನಿನ್ನ ಅವ್ವನ ಹುಕುಂ. ಕಳೆದ ತಿಂಗಳು ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತು ಪಕ್ಕದ ಫ್ಲ್ಯಾಟಿನವರಿಗೂ ಕೇಳಿಸಿತಂತೆ. ಅವಳೇ ನನ್ನ ಕೈಯಿಂದ ಫೋನು ಕಸಿದುಕೊಂಡು, “ಇಬ್ರೂ ಒದರ್ತೀರಿ, ಒಬ್ರೂ ಕೇಳಂಗಿಲ್ಲ. ಇನ್ನ ಮ್ಯಾಲೆ ಏನಿದ್ರೂ ಬರದು ಕಳಸ್ರಿ. ಹಾಳಿ ಮ್ಯಾಲೆ ಒದರಾಕ ಬರಂಗಿಲ್ಲ” ಅಂದಳು. ಮೂವತ್ತು ವರ್ಷ ಅಂಕಿಸಂಖ್ಯೆಯ ಕಚೇರಿಯಲ್ಲಿ ಬರೆದವನಿಗೆ ಬರೆಯುವುದೇನು ಕಷ್ಟವಲ್ಲ. ಬರೆಯುತ್ತಿದ್ದೇನೆ.

ನಿಗಡಿಯಲ್ಲಿ ನನ್ನ ಅಕ್ಕನ ಮನೆಯ ವಾಸ್ತುಶಾಂತಿಯ ದಿನ ನೀನು ಮಾಡಿದ್ದು ಸರಿಯಲ್ಲ. ಮಗ ಏನು ಮಾಡುತ್ತಾನೆಂದು ಬೀಗರು ಕೇಳಿದರು, ನಾನು ‘ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ ಇದ್ದಾನೆ’ ಅಂದೆ. ಅದರಲ್ಲಿ ಆಸ್ಪತ್ರೆ ಅನ್ನುವುದಾದರೂ ನಿಜವೇ. ನೀನು ಹೋಳಿಗೆಯ ಬುಟ್ಟಿ ಹಿಡಿದು ಪಂಕ್ತಿಯ ನಡುವೆ ನಿಂತು, ಸಿಸ್ಟರ್‌ಗಳು ಮಾಡುವ ಕೆಲಸವನ್ನೇ ನಾನೂ ಮಾಡುತ್ತೇನೆ, ಅದಕ್ಕೇ ಕಲಿತಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಸಾರಿದೆ. ನಾಲ್ಕು ಜನರ ಮುಂದೆ ಅಪ್ಪನ ಮಾತು ಬೀಳಿಸುವ ಅಗತ್ಯವೇನಿತ್ತು?

ಪುಣ್ಯಕ್ಕೆ ಸೊಲ್ಲಾಪುರದ ಧರ್ಮಣ್ಣನವರು ಬೇಗ ಊಟ ಮುಗಿಸಿ ಹೊರಟಿದ್ದರು. ನಿನ್ನ ಘೋಷಣೆ ಅವರ ಕಿವಿಗೆ ಬಿದ್ದಿಲ್ಲ. ಬಟ್ಟೆ ವ್ಯಾಪಾರದವರು, ಒಳ್ಳೆಯ ಮನೆತನ. ಅವರ ಮಗಳು ದೀಪಾಲಿ ಪುಣೆಯಲ್ಲೇ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ದಸರೆ ಮುಗಿದ ಮೇಲಿನ ಭಾನುವಾರ ನಮ್ಮ ಮನೆಗೆ ಬಂದು ನಿನ್ನನ್ನು ನೋಡುತ್ತೇವೆ ಅಂದಿದ್ದಾರೆ. ನೀನು ಒಂದು ಮಧ್ಯಾಹ್ನ ಸುಮ್ಮನಿದ್ದರೆ ಸಾಕು. ಅಷ್ಟರಲ್ಲಿ ಆಸ್ಪತ್ರೆ ಆಡಳಿತದ ಡಿಪ್ಲೊಮಾಕ್ಕೆ ಹೆಸರು ಹಚ್ಚು, ನನ್ನ ಮಾತೂ ನಿಜವಾಗುತ್ತದೆ.

ಇನ್ನೊಂದು ಸುದ್ದಿ. ನಿವೃತ್ತಿಯ ನಂತರ ಮನೆಯಲ್ಲಿ ಕೂತು ಬೇಸರವಾಗಿತ್ತು. ಒಂದು ಆರೋಗ್ಯ ಅಧ್ಯಯನ ಸಂಸ್ಥೆಯವರು ಹಳೆಯ ಗುಮಾಸ್ತರನ್ನು ಕರೆದಿದ್ದಾರೆ. ಪುಣೆಯ ಆಸ್ಪತ್ರೆಗಳಲ್ಲಿ ಸಿಸ್ಟರ್‌ಗಳು ಎಷ್ಟಿದ್ದಾರೆ, ಎಲ್ಲಿಂದ ಬಂದವರು, ಎಷ್ಟು ಕಲಿತವರು, ಹಿಂದಿನ ಸುತ್ತಿಗಿಂತ ಹೆಚ್ಚೋ ಕಡಿಮೆಯೋ, ಇದೆಲ್ಲ ಎಣಿಸಬೇಕು. ನಿನ್ನ ಅವ್ವ ಇದನ್ನು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನೀನೂ ನಗು.

ನಿನ್ನ ತಂದೆ,
ಸಿದ್ರಾಮಪ್ಪ



ವಾಕಡ
6 ಜುಲೈ 2025

ತೀರ್ಥರೂಪ ಅಪ್ಪನವರಿಗೆ ಕುಶಲನ ನಮಸ್ಕಾರ.

ನಿಮ್ಮ ಪತ್ರ ಮೊನ್ನೆ ಕೈಸೇರಿತು. ಲಕೋಟೆಯ ಮೇಲೆ ‘ಕುಶಲ, ಆಡಳಿತ ವಿಭಾಗ’ ಎಂದು ಬರೆದಿದ್ದಿರಿ. ಆಡಳಿತ ವಿಭಾಗದವರು ಇಂಥವನು ನಮ್ಮಲ್ಲಿಲ್ಲ ಎಂದು ಬಿಲ್ಲಿಂಗಿಗೆ ಕೊಟ್ಟರು, ಬಿಲ್ಲಿಂಗಿನವರು ಔಷಧಿ ಅಂಗಡಿಗೆ ಕೊಟ್ಟರು. ಕೊನೆಗೆ ನಮ್ಮ ವಾರ್ಡಿನ ಮಾಮಾ ಗ್ಲೂಕೋಸ್ ಬಾಟಲಿ ತರಲು ಹೋದಾಗ ನನ್ನ ಹೆಸರು ನೋಡಿ ಎತ್ತಿಕೊಂಡು ಬಂದರು. ವಾರ್ಡ್‌ಬಾಯ್‌ಗೆ ಇಲ್ಲಿ ಎಲ್ಲರೂ ಮಾಮಾ ಅನ್ನುತ್ತಾರೆ, ಆಯಾಗೆ ಮಾವಶಿ. ಇಡೀ ಆಸ್ಪತ್ರೆಯೇ ಒಂದು ಬಳಗ.

ಅಪ್ಪಾ, ನಾನು ನರ್ಸ್. ನಾಲ್ಕು ವರ್ಷ ಓದಿ ಪರೀಕ್ಷೆ ಪಾಸಾಗಿ ನೋಂದಣಿ ಮಾಡಿಸಿಕೊಂಡ ನರ್ಸ್. ಕಾಲೇಜಿನ ಫೀ ನೀವೇ ಕಟ್ಟಿದ್ದೀರಿ. ಆಗ ‘ಮುಂದೆ ನೋಡೋಣ, ಬೇರೆ ಲೈನಿಗೆ ಹೋಗ್ತಾನ’ ಅಂದುಕೊಂಡು ಕಟ್ಟಿದಿರಿ ಎಂದು ಈಗ ತಿಳಿಯುತ್ತಿದೆ.

ಡಿಪ್ಲೊಮಾ ನನಗೆ ಬೇಡ. ನಮ್ಮ ವಾರ್ಡಿನಲ್ಲಿ ಅವ್ವಣ್ಣ ಎಂಬ ಹಿರಿಯರಿದ್ದಾರೆ. ಯಾದಗಿರಿ ಕಡೆಯ ಗೌಂಡಿ, ಹಿಂಜವಡಿಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ಸಾರುವೆ ಕಟ್ಟಿಗೆಯ ಮೇಲಿಂದ ಬಿದ್ದು ಸೊಂಟ, ತೊಡೆ ಮುರಿದುಕೊಂಡಿದ್ದಾರೆ. ಮರಾಠಿ ನಾಲ್ಕು ಮಾತು ಬರುತ್ತದೆ, ನೋವಾದರೆ ಆ ನಾಲ್ಕೂ ಮರೆತುಹೋಗುತ್ತವೆ. ನಾನು ಡ್ಯೂಟಿಗೆ ಬಂದರೆ “ಬಂದೆಪಾ, ಈಗ ಜೀವ ಬಂತು ನೋಡು” ಅನ್ನುತ್ತಾರೆ. ಇದನ್ನು ಬಿಟ್ಟು ಕೆಳಗಿನ ಮಹಡಿಯಲ್ಲಿ ಕೂತು ಬಿಲ್ಲಿನ ಲೆಕ್ಕ ನೋಡುವುದು ನನ್ನಿಂದಾಗದು.

ದೀಪಾಲಿಯವರನ್ನು ನೋಡಲು ನನ್ನ ತಕರಾರಿಲ್ಲ. ಆದರೆ ನಾನು ಏನು ಕೆಲಸ ಮಾಡುತ್ತೇನೆಂದು ಧರ್ಮಣ್ಣನವರಿಗೆ ನೀವೇ ನಿಮ್ಮ ಬಾಯಿಂದ ಹೇಳಬೇಕು. ಹೇಳಿದ ದಿನ ಮನೆಗೆ ಬರುತ್ತೇನೆ. ಹೇಳದಿದ್ದರೆ ದಸರೆಗೂ ಇಲ್ಲ, ದೀಪಾವಳಿಗೂ ಇಲ್ಲ. ಸಿಟ್ಟಿನಿಂದ ಬರೆಯುತ್ತಿಲ್ಲ, ಯೋಚಿಸಿಯೇ ಬರೆದಿದ್ದೇನೆ. ಅವ್ವನ ಕೈರೊಟ್ಟಿ ಬಿಟ್ಟಿರುವುದು ನನಗೂ ಸುಲಭವಲ್ಲ.

ಮುಂದಿನ ಸಲ ಲಕೋಟೆಯ ಮೇಲೆ ಸರಿಯಾದ ವಿಳಾಸ ಬರೆದರೆ ಪತ್ರ ಬೇಗ ಸಿಗುತ್ತದೆ. ನಿಮ್ಮ ಆಶಿರ್ವಾದ ಇರಲಿ.

ನಿಮ್ಮ ಮಗ,
ಕುಶಲ



ಕೋಥರೂಡ
27 ಜುಲೈ 2025

ಚಿ. ಕುಶಲನಿಗೆ ಆಶೀರ್ವಾದ.

ಆಶೀರ್ವಾದದಲ್ಲಿ ‘ಶೀ’ ದೀರ್ಘ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹಾಕಿದ್ದು, ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಂದದ್ದು ಇದಕ್ಕಲ್ಲ.

ನಿನ್ನ ಷರತ್ತು ಓದಿದೆ. ಅದಕ್ಕೆ ಈಗ ಉತ್ತರಿಸುವುದಿಲ್ಲ. ಬದಲಿಗೆ ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ನೀನೇ ಯೋಚನೆ ಮಾಡು.

ನನ್ನ ಪಾಲಿಗೆ ಬಂದ ಆಸ್ಪತ್ರೆಗಳನ್ನು ಹೆಚ್ಚುಕಡಿಮೆ ಮುಗಿಸಿದ್ದೇನೆ. ದೊಡ್ಡವೂ ಇವೆ, ಒಂದೇ ಮಹಡಿಯ ಸಣ್ಣ ದವಾಖಾನೆಗಳೂ ಇವೆ. ಹಿಂದೆ ಎಲ್ಲಿ ಹೋದರೂ ಮಲಯಾಳಿ ಸಿಸ್ಟರ್‌ಗಳೇ ಕಾಣುತ್ತಿದ್ದರು. ಈಗ ಅವರಲ್ಲಿ ಉಳಿದವರು ಹಿರಿಯರು, ಇನ್‌ಚಾರ್ಜ್ ಕುರ್ಚಿಯಲ್ಲಿದ್ದಾರೆ. ಕೆಳಗೆಲ್ಲ ಲಾತೂರು, ನಾಂದೇಡ, ಬೀಡ ಕಡೆಯ ಹುಡುಗಿಯರು. ವಯಸ್ಸು ಕೇಳಿದರೆ ಇಪ್ಪತ್ತೆರಡು, ಇಪ್ಪತ್ಮೂರು. ಎಷ್ಟು ದಿನ ಇರುತ್ತೀರಿ ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಒಂದು ಕಡೆ ಊಟದ ಬಿಡುವಿನಲ್ಲಿ ಮೂವರು ಡಬ್ಬಿ ತೆರೆದಿಟ್ಟುಕೊಂಡು ಜರ್ಮನ್ ಭಾಷೆಯ ಪಾಠ ಗಟ್ಟಿ ಮಾಡುತ್ತಿದ್ದರು. ಸೇರಿದವರ ಕಾಲಮ್ಮಿಗಿಂತ ಬಿಟ್ಟುಹೋದವರದ್ದು ಬೇಗ ತುಂಬುತ್ತದೆ. ಇರುವ ಒಬ್ಬಳು ಇಬ್ಬರ ಕೆಲಸ ಮಾಡುತ್ತಾಳೆ. ಮರುಗಬೇಕಾದ ಸಂಗತಿಯೇ, ಆದರೆ ನನ್ನ ಕೆಲಸ ಮರುಗುವುದಲ್ಲ, ಎಣಿಸುವುದು.

ಈಗ ನಿನಗೆ ಬೇಕಾದ ವಿಷಯ. ಫಾರ್ಮಿನಲ್ಲಿ ‘ಅವರಲ್ಲಿ ಪುರುಷರು’ ಎಂದು ಒಂದು ಕಾಲಮ್ ಇದೆ. ಮರಾಠಿ ಫಾರ್ಮಿನಲ್ಲಿ ‘ಪರಿಚಾರಿಕಾ’ ಎಂದಿದೆ, ಆ ಮಾತನ್ನು ಯಾರೂ ಆಡುವುದಿಲ್ಲ. ಹೀಗಾಗಿ ನಾನು ಜನರ ಮಾತಿನಲ್ಲೇ ಕೇಳುತ್ತೇನೆ: ಸಿಸ್ಟರ್ ಎಷ್ಟು, ಅವರಲ್ಲಿ ಗಂಡಸರೆಷ್ಟು? ಎಲ್ಲ ಕಡೆ ನಗು. “ಕಾಕಾ, ಸಿಸ್ಟರ್ ಒಳಗ ಗಂಡಸರು ಎಲ್ಲಿಂದ ಬರ್ತಾರ?” ಅನ್ನುತ್ತಾರೆ. ನಾನು ಸೊನ್ನೆ ಬರೆಯುತ್ತೇನೆ. ಹೋದಲ್ಲೆಲ್ಲ ಸೊನ್ನೆ. ಹಿಂದಿನ ಸುತ್ತಿನಲ್ಲಿ ಇದೇ ಭಾಗವನ್ನು ಅವಧೂತ ಎಂಬ ನನ್ನ ಹಳೆಯ ಸಹೋದ್ಯೋಗಿ ಎಣಿಸಿದ್ದ. ಅವನ ಫಾರ್ಮುಗಳಲ್ಲಿ ಗಂಡಸರು ಅಲ್ಲಲ್ಲಿ ಇದ್ದರು. ಈಗ ಒಬ್ಬನೂ ಇಲ್ಲ. ಇದರ ಅರ್ಥ ಸ್ಪಷ್ಟ: ಗಂಡಸರು ಈ ಕೆಲಸ ಬಿಟ್ಟು ಹೋಗುತ್ತಿದ್ದಾರೆ. ನಮ್ಮ ವಿಭಾಗದ ಮುಖ್ಯಸ್ಥೆ ಮಾಯಾ ಮೇಡಂ ನಿನಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಅವಳೂ ಹುಬ್ಬೇರಿಸಿ, ವರದಿಯಲ್ಲಿ ಇದನ್ನು ಬೇರೆಯಾಗಿ ಬರೆಯಬೇಕು ಅಂದಳು.

ನಿನ್ನ ಆಸ್ಪತ್ರೆಯೂ ನನ್ನ ಪಾಲಿಗೆ ಬಂದಿತ್ತು. ಮೂರನೇ ಮಹಡಿಯ ಪುರುಷರ ವಾರ್ಡಿನವರೆಗೂ ಹೋದೆ. ನೀನು ಕಾಣಲಿಲ್ಲ. ಕೆಲಸದ ಹೊತ್ತಿನಲ್ಲಿ ಮನೆಯ ವಿಚಾರ ಬೇಡವೆಂದು ವಿಚಾರಿಸಲಿಲ್ಲ. ಅಲ್ಲಿಯೂ ಸೊನ್ನೆಯೇ. ನಿನ್ನ ಹೆಸರು ಯಾವುದೋ ಬೇರೆ ವಿಭಾಗದ ಲೆಕ್ಕದಲ್ಲಿ ಇರಬೇಕು. ಹಾಗಿದ್ದರೆ ಡಿಪ್ಲೊಮಾ ಇನ್ನೂ ಸುಲಭವಾಯಿತಲ್ಲ.

ಎಲ್ಲರೂ ಇಳಿಯುತ್ತಿರುವ ಬಸ್ಸಿನಲ್ಲಿ ನೀನೊಬ್ಬನೇ ಕೂತು ಎಲ್ಲಿಗೆ ಹೋಗುತ್ತೀ? ವಿಳಾಸ ನಾನು ಬದಲಿಸಿಲ್ಲ. ಆಡಳಿತದವರು ಸ್ವಲ್ಪ ನಡೆಯಲಿ.

ನಿನ್ನ ತಂದೆ,
ಸಿದ್ರಾಮಪ್ಪ



ಕೋಥರೂಡ
24 ಆಗಸ್ಟ್ 2025

ಕುಶಲಾ, ನನ್ನ ಕೂಸ,

ನಾ ನಾಕನೇತ್ತ ತನಕ ಸಾಲಿ ಕಲತಾಕಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋ. ಬರದು ಕಳಸ್ರಿ ಅಂತ ನಾನ ಹೇಳಿ, ಈಗ ನಾನೂ ಬರೀಬೇಕಾತು ನೋಡು.

ತಿಂಗಳಾತು ನಿನ್ನ ಹಾಳಿ ಬರಲಿಲ್ಲ. ನಿಮ್ಮಪ್ಪ ದಿನಾ ಕೆಳಗ ಹೋಗಿ ಅಂಚಿ ಡಬ್ಬಿ ತಗದು ನೋಡಿ ಬರ್ತಾರ. ಕೇಳಿದ್ರ ಕರೆಂಟ್ ಬಿಲ್ ಬಂದೈತೇನು ನೋಡಾಕ ಹೋಗಿದ್ದೆ ಅಂತಾರ. ಕರೆಂಟ್ ಬಿಲ್ ದಿನಾ ಬರ್ತದೇನು?

ಇವರದೊಂದು ಹೊಸಾ ಹುಚ್ಚು ಹೇಳ್ತೀನಿ. ಊಟಕ್ಕ ಕುಂತ್ರ ಸೊನ್ನಿ, ಎದ್ರ ಸೊನ್ನಿ. “ನೋಡಿದೇನ, ಒಬ್ಬ ಗಂಡಸ ಇಲ್ಲ, ಲೆಕ್ಕದಾಗ ಬಂದೈತಿ” ಅಂತಾರ. ನಾ ಅಂದೆ, ನಮ್ಮ ಕುಶಲ ಅದಾನಲ್ರಿ, ಅಂವ ಗಂಡಸಲ್ಲೇನು? ರೊಟ್ಟಿ ಮುರಕೊಂಡು ಉಣ್ಣಾಕ ಹತ್ತಿದ್ರು. ನರ್ಸ್ ಅನ್ನೋ ಮಾತ ಇವರ ಬಾಯಾಗ ಬರಂಗಿಲ್ಲ ನೋಡು. ಮನ್ಯಾಗೂ ಇಲ್ಲ, ಹೊರಗೂ ಇಲ್ಲ. ಹೋದಲ್ಲೆಲ್ಲ ಸಿಸ್ಟರ್ ಸಿಸ್ಟರ್ ಅಂತ ಕೇಳ್ಕೋತ ತಿರಗ್ಯಾರ.

ಧರ್ಮಣ್ಣಾರು ಫೋನ್ ಮಾಡಿದ್ರು. ಅಕ್ಟೋಬರ್ ಐದಕ್ಕ, ಐತಾರ, ಬರ್ತಾರಂತ. ಇವರು ಹೂಂ ಅಂದ್ರು, ಅಷ್ಟ. ಆ ಹುಡುಗಿಗಿ ಸುಳ್ಳು ಹೇಳಿ ಮನಿ ತುಂಬಿಸ್ಕೊಳ್ಳೋದು ನನಗೂ ಬ್ಯಾಡ. ಆದ್ರ ನೀನೂ ಹಟ ಹಿಡದು ಕುಂತ್ರ ಹ್ಯಾಂಗ? ನಡಬರಕ ನನ್ನ ಜೀವ ಹೋಗ್ತದ. ಸಿಟ್ಟಿದ್ರ ಸಿಟ್ಟೈತಿ ಅಂತಾದ್ರೂ ಬರಿ. ಸುಮ್ಮ ಕೂಡಬ್ಯಾಡ.

ವಿಳಾಸ ಬಾಜೂಮನಿ ಹುಡುಗಿ ಕೈಲೆ ಬರಸೇನಿ, ನಿಮ್ಮಪ್ಪಗ ತೋರಿಸಿಲ್ಲ. ಉಣ್ಣೂದು ತಿನ್ನೂದು ಬರೋಬ್ಬರಿ ಮಾಡು.

ನಿನ್ನ ಅವ್ವ



ವಾಕಡ
31 ಆಗಸ್ಟ್ 2025

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ನಿಮ್ಮ ಜುಲೈ ಪತ್ರ ಮತ್ತೆ ಎಲ್ಲ ಟೇಬಲ್ಲು ಸುತ್ತಿ ಬಂತು. ಬಂದ ಮೇಲೆಯೂ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಅವ್ವ ಬರೆದಳು, ಅದಕ್ಕೆ ಕೂತಿದ್ದೇನೆ. ಹೊರಗೆ ಗಣಪತಿಯ ಢೋಲು, ಸಮಾಧಾನದಿಂದ ಬರೆಯುವ ಪರಿಸ್ಥಿತಿ ಇಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿರಿ.

ನೀವು ನಮ್ಮ ವಾರ್ಡಿಗೆ ಬಂದ ದಿನ ನಾನು ಅಲ್ಲೇ ಇದ್ದೆ.

ಲಿಫ್ಟಿನಿಂದ ಹೊರಬಂದು ನೀವು ಕನ್ನಡಕ ಹಣೆಗೇರಿಸಿಕೊಂಡು ಬೋರ್ಡು ಓದುತ್ತಿದ್ದಿರಿ. ಹೆಗಲಿಗೆ ಆ ನೀಲಿ ಚೀಲ. ಕೌಂಟರಿನ ಪಕ್ಕದ ಮೊದಲ ಹಾಸಿಗೆ ಅವ್ವಣ್ಣನದು. ನಾನು ಅವರ ಗಾಯ ತೊಳೆದು ಪಟ್ಟಿ ಬದಲಿಸುತ್ತಿದ್ದೆ. ಮುಖಕ್ಕೆ ಮಾಸ್ಕ್, ತಲೆಗೆ ಟೊಪ್ಪಿಗೆ. ದಾರಿಗೆ ಡ್ರೆಸಿಂಗಿನ ಟ್ರಾಲಿ ಅಡ್ಡ ಇತ್ತು. ನೀವು ಹಿಂದಿನಿಂದ ಬಂದು ನನ್ನ ಭುಜ ಮುಟ್ಟಿ ಮರಾಠಿಯಲ್ಲಿ ಅಂದಿರಿ: “ಬ್ರದರ್, ಜರಾ ಬಾಜೂಲಾ.” ನಾನು ಬಾಜೂಕ್ಕೆ ಸರಿದೆ.

ಅಪ್ಪಾ, ನೀವೇ ನನಗೆ ಬ್ರದರ್ ಅಂದಿರಿ. ಕೆಳಗಿನಿಂದ ಮೇಲೆ ಬರುವಷ್ಟರಲ್ಲಿ ಪೇಷಂಟಿನ ಕಡೆಯವರು ನಮ್ಮನ್ನು ಹಾಗೆ ಕರೆಯುವುದು ನಿಮ್ಮ ಕಿವಿಗೆ ಬಿದ್ದಿರಬೇಕು. ಹೆಣ್ಣುಮಗಳಾದರೆ ಸಿಸ್ಟರ್, ಗಂಡಸಾದರೆ ಬ್ರದರ್. ಮಾಮಾ, ಮಾವಶಿ ಇದ್ದ ಹಾಗೆ. ಈ ಊರಿನ ಯಾವ ಆಸ್ಪತ್ರೆಯಲ್ಲೂ ಗಂಡು ನರ್ಸನ್ನು ಸಿಸ್ಟರ್ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಸಿಸ್ಟರ್ ಎಷ್ಟು ಎಂದು ಕೇಳಿದರೆ ಸಿಸ್ಟರ್ ಎಷ್ಟೋ ಅಷ್ಟೇ ಹೇಳುತ್ತಾರೆ. ಅವರಲ್ಲಿ ಗಂಡಸರೆಷ್ಟು ಅಂದರೆ ನಗದೆ ಏನು ಮಾಡುತ್ತಾರೆ? ಅವಧೂತ ಕಾಕಾ ನರ್ಸ್ ಎಷ್ಟು ಎಂದು ಕೇಳಿರಬೇಕು. ಅಷ್ಟೇ ವ್ಯತ್ಯಾಸ. ಯಾರೂ ಎಲ್ಲಿಗೂ ಇಳಿದು ಹೋಗಿಲ್ಲ.

ಆ ದಿನ ಮಾಸ್ಕ್ ತೆಗೆದು ಅಪ್ಪಾ ಅನ್ನಬೇಕೆಂದು ಕೈ ಎತ್ತಿದ್ದೆ. ಕೈಗೆ ಗ್ಲೌಸ್ ಇತ್ತು, ಅವ್ವಣ್ಣನ ಗಾಯ ತೆರೆದಿತ್ತು. ಅಷ್ಟರಲ್ಲಿ ನೀವು ನಮ್ಮ ಇನ್‌ಚಾರ್ಜ್ ಶಿವಕಾಂತಾ ಸಿಸ್ಟರನ್ನು ನಿಮ್ಮ ಪ್ರಶ್ನೆ ಕೇಳಿದಿರಿ. ಅವರು ನಕ್ಕರು. ನೀವೂ ನಕ್ಕಿರಿ. ನಿಮ್ಮ ನಗು ನನಗೆ ಗೊತ್ತಿಲ್ಲವೇ, ಮನೆಯಲ್ಲಿ ಕಾರ್ಡಿನ ಆಟ ಗೆದ್ದಾಗ ನಗುತ್ತೀರಲ್ಲ, ಅದೇ ನಗು. ಆಮೇಲೆ ಫಾರ್ಮಿನಲ್ಲಿ ಸೊನ್ನೆ ಬರೆದು ಹೋದಿರಿ. ನಾನು ಎರಡು ಮಾರು ದೂರದಲ್ಲಿ ಬೆನ್ನು ಮಾಡಿ ನಿಂತಿದ್ದೆ.

ನನಗೆ ಭಾಳ ಕೆಟ್ಟ ಅನಿಸಿತು. ಜನ ಏನೆಂದರೂ ತಡೆಯುತ್ತೇನೆ. ‘ಹುಡುಗೀರ ಕೆಲಸಕ್ಕೆ ಬಂದೆಯಾ’ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಆದರೆ ನೀವು ನನ್ನನ್ನು ಕೈಯಿಂದ ಸರಿಸಿ, ಇಲ್ಲವೆಂದು ಬರೆದುಕೊಂಡು ಹೋದಿರಿ.

ಷರತ್ತು ಹಾಗೇ ಇದೆ.

ಕುಶಲ



ಕೋಥರೂಡ
10 ಸೆಪ್ಟೆಂಬರ್ 2025

ಚಿ. ಕುಶಲನಿಗೆ ಆಶೀರ್ವಾದ.

ನಿನ್ನ ಪತ್ರ ತಲುಪಿದೆ. ಟ್ರಾಲಿಯ ಹತ್ತಿರ ನಾನು ಹಾಗೆ ಅಂದದ್ದು ನೆನಪಿಲ್ಲ. ಯಾರೋ ಎತ್ತರದ ಹುಡುಗ ದಾರಿ ಬಿಟ್ಟ ಎನ್ನುವಷ್ಟು ನೆನಪಿದೆ. ನೀನು ಸುಳ್ಳು ಹೇಳುವವನಲ್ಲ. ಆ ಸ್ವಭಾವದಿಂದಲೇ ನಮಗೆ ಇಷ್ಟೆಲ್ಲ ತೊಂದರೆ.

ಮರುದಿನವೇ ಸಂಸ್ಥೆಗೆ ಹೋಗಿ ಮಾಯಾ ಮೇಡಮ್ಮಿಗೆ, ಪ್ರಶ್ನೆ ಕೇಳಿದ ರೀತಿ ತಪ್ಪು, ಪುರುಷರ ಕಾಲಮ್ ಒಂದೂ ನಂಬುವಂತಿಲ್ಲ ಎಂದು ಹೇಳಿದೆ. ವರದಿ ಅಚ್ಚಿಗೆ ಹೋಗುವುದಿತ್ತು. ‘ಪುರುಷರು ಈ ವೃತ್ತಿಯಿಂದ ಸರಿಯುತ್ತಿದ್ದಾರೆ’ ಎಂದು ಒಂದು ಇಡೀ ಪುಟ ಬರೆದಿಟ್ಟಿದ್ದಳಂತೆ. ನನ್ನ ಮುಖವನ್ನೇ ನೋಡಿ, “ಕಾಕಾ, ಇಷ್ಟು ವರ್ಷ ಎಣಿಸಿದವರು ನೀವು!” ಅಂದಳು. ಅವಳ ಮಾತು ಸರಿ. ಪೂರ್ತಿ ಭಾಗವನ್ನು ಮತ್ತೆ ಎಣಿಸುತ್ತೇನೆ ಅಂದೆ.

ಎಣಿಸುತ್ತಿದ್ದೇನೆ. ಅದೇ ಆಸ್ಪತ್ರೆಗಳು, ಅದೇ ಕೌಂಟರು. ಈಗ ಸಿಸ್ಟರ್ ಎಷ್ಟು, ಬ್ರದರ್ ಎಷ್ಟು ಎಂದು ಬೇರೆ ಬೇರೆ ಕೇಳುತ್ತೇನೆ. ಯಾರೂ ನಗುವುದಿಲ್ಲ. ಐಸಿಯುದಲ್ಲಿ ಇಬ್ಬರು, ಆಪರೇಶನ್ ಥಿಯೇಟರಿನಲ್ಲಿ ಮೂವರು, ಡಯಾಲಿಸಿಸ್‌ನಲ್ಲಿ ಒಬ್ಬ, ಹೀಗೆ ಗೋಡೆಯ ಹಿಂದಿನಿಂದ ಬಂದ ಹಾಗೆ ಹೊರಬರುತ್ತಿದ್ದಾರೆ. ಮೊದಲ ಸಲ ಯಾಕೆ ಹೇಳಲಿಲ್ಲ ಎಂದು ಒಬ್ಬ ಸಿಸ್ಟರಿಗೆ ಗದರಿದೆ. “ನೀವು ಸಿಸ್ಟರ್ ಕೇಳಿದ್ರಿ ಕಾಕಾ, ಸಿಸ್ಟರ್ ಹೇಳಿದೆ” ಅಂದಳು. ಅವಳ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಈವರೆಗಿನ ಲೆಕ್ಕದಲ್ಲಿ ಅವಧೂತ ಬರೆದಿದ್ದಕ್ಕಿಂತ ಗಂಡಸರು ಹೆಚ್ಚೇ ಇದ್ದಾರೆ. ಇಳಿದಿಲ್ಲ, ಏರಿದ್ದಾರೆ.

ದೇಹೂ ರೋಡಿನ ಒಂದು ಆಸ್ಪತ್ರೆಯಲ್ಲಿ ಬೀಡ ಕಡೆಯ ಹುಡುಗನೊಬ್ಬ ಫಾರ್ಮು ನೋಡಿ, ಇದು ಊರಿಗೇನಾದರೂ ಹೋಗುತ್ತದೆಯೇ ಎಂದು ಕೇಳಿದ. ಯಾಕಪ್ಪಾ ಅಂದೆ. ಅವನು ಲ್ಯಾಬಿನಲ್ಲಿ ಇದ್ದಾನೆ ಎಂದು ಅವರಪ್ಪ ಊರಲ್ಲಿ ಹೇಳಿಕೊಂಡಿದ್ದಾರಂತೆ. ಹೋಗುವುದಿಲ್ಲ, ಹೆಸರು ಬರೆಯುವುದಿಲ್ಲ, ಬರೀ ಸಂಖ್ಯೆ ಎಂದು ಹೇಳಿದೆ. ಆಮೇಲೆ ಅಲ್ಲಿ ಬಹಳ ಹೊತ್ತು ಕೂಡಲಾಗಲಿಲ್ಲ.

ಧರ್ಮಣ್ಣನವರಿಗೆ ಇನ್ನೂ ಹೇಳಿಲ್ಲ. ಈಗ ಪಿತೃಪಕ್ಷ, ಶುಭದ ಮಾತು ಎತ್ತುವ ಹಾಗಿಲ್ಲ. ಇದು ನೆವ ಎಂದು ನಿನ್ನ ಅವ್ವ ಅನ್ನುತ್ತಾಳೆ. ಇರಬಹುದು. ಫಾರ್ಮು ತಿದ್ದುವುದು ಬೇರೆ, ಕೂಡಿಬಂದ ಸಂಬಂಧ ಕೈಯಾರೆ ಬಿಡುವುದು ಬೇರೆ. ನಿನ್ನ ಆಸ್ಪತ್ರೆ ಇನ್ನೂ ಬಾಕಿ ಇದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಸಿದ್ರಾಮಪ್ಪ



ಕೋಥರೂಡ
25 ಸೆಪ್ಟೆಂಬರ್ 2025

ಚಿ. ಕುಶಲನಿಗೆ ಆಶೀರ್ವಾದ.

ಮೊನ್ನೆ ಮಂಗಳವಾರ ನಿನ್ನ ಆಸ್ಪತ್ರೆಯ ಎಣಿಕೆ ಮುಗಿಸಿದೆ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಮೂರನೇ ಮಹಡಿಯಲ್ಲಿ ಶಿವಕಾಂತಾ ಸಿಸ್ಟರ್ ಇದ್ದರು. “ಪುನ್ಹಾ ಆಲಾತ, ಕಾಕಾ?” ಮತ್ತೆ ಬಂದಿರಾ ಅಂದರು. ಸಿಸ್ಟರ್ ಸಂಖ್ಯೆ ಬರೆದುಕೊಂಡೆ. ಆಮೇಲೆ, ಇಡೀ ಆಸ್ಪತ್ರೆಯಲ್ಲಿ ಬ್ರದರ್ ಎಷ್ಟು ಎಂದು ಕೇಳಿದೆ. ಅವರು ಬೆರಳು ಮಡಿಸಿ ಹೆಸರು ಹೇಳುತ್ತ ಹೋದರು. ನಡುವೆ ನಿನ್ನ ಹೆಸರು ಬಂತು. ಒಟ್ಟು ಹನ್ನೊಂದು. ನಾನು ಬರೆಯಲು ಹೋದರೆ ಪೆನ್ನು ನಡೆಯಲಿಲ್ಲ, ಕೊಡವಿದೆ. ಮಸಿ ಇತ್ತು, ಕೈಯೇ ನಿಂತಿತ್ತು.

“ಆ ಕುಶಲ ಅನ್ನೋ ಹುಡುಗ ಇವತ್ತ ಇದ್ದಾನೇನು?” ಎಂದು ಬಾಯಿಗೆ ಕನ್ನಡವೇ ಬಂದುಬಿಟ್ಟಿತು. ಆ ಸಿಸ್ಟರ್ ಬಸವಕಲ್ಯಾಣದ ಕಡೆಯವರಂತೆ. “ಅಯ್ಯ, ಕನ್ನಡದವರೇನ್ರಿ ನೀವು! ಕುಶಲ ಬ್ರದರ್ದು ನೈಟ್ ಅದ, ಈಗ ರೂಮಿನ್ಯಾಗ ಮಲಗಿರ್ತಾನ. ಎಬ್ಬಸಲೇನು?” ಅಂದರು. ಬೇಡವೆಂದೆ. ರಾತ್ರಿಯೆಲ್ಲ ದುಡಿದವನನ್ನು ಎಬ್ಬಿಸುವುದು ಸರಿಯಲ್ಲ.

ಹೊರಡುವಾಗ ಮೊದಲ ಹಾಸಿಗೆಯಿಂದ ಒಬ್ಬ ಮುದುಕ ತಲೆ ಎತ್ತಿ ನೋಡಿದ. ನಮ್ಮ ಮಾತು ಕಿವಿಗೆ ಬಿದ್ದಿರಬೇಕು.

“ಯಾರ್ರಿ ನೀವು? ನಮ್ಮ ಬ್ರದರ್‌ನ ಕೇಳಾಕ ಹತ್ತೀರಿ?”

“ನಾ ಬ್ರದರ್‌ನ ಅಪ್ಪ” ಅಂದೆ.

ಹಾಗೆ ಅನ್ನಬೇಕೆಂದು ಯೋಚಿಸಿ ಅಂದದ್ದಲ್ಲ. ಮಗನ ಹೆಸರು ಹೇಳಬಹುದಿತ್ತು, ನನ್ನ ಹೆಸರು ಹೇಳಬಹುದಿತ್ತು. ಅವ್ವಣ್ಣ ಎರಡೂ ಕೈ ಮುಗಿಯಲು ನೋಡಿದ, ಒಂದಕ್ಕೆ ಸೂಜಿ ಚುಚ್ಚಿತ್ತು. “ನಿಮ್ಮ ಮಗಾ ಅದಾನಂತ ನಾ ಎದ್ದು ಕುಂತೀನ್ರಿ. ಮೈ ಒರಸೂದು, ಮಗ್ಗಲ ಹೊಳ್ಳಸೂದು, ನನ್ನ ಮಕ್ಕಳೂ ಮಾಡತಿದ್ದಿಲ್ಲ” ಅಂದ. ನಾನು ಅವನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ನೀನು ಅಲ್ಲೇ ಕೂರುತ್ತೀಯಂತೆ. ನೀನು ಸಣ್ಣವನಿದ್ದಾಗ ನನಗೆ ಜ್ವರ ಬಂದರೆ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅದು ನೆನಪಾಯಿತು. ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ನಿನ್ನ ಅವ್ವ ಓದಿ ನಗುತ್ತಾಳೆ, ಆದರೂ ಬಂತು.

ಅಲ್ಲಿಂದಲೇ ಧರ್ಮಣ್ಣನವರಿಗೆ ಫೋನು ಹಚ್ಚಿದೆ. ಅವ್ವಣ್ಣ ಕೇಳಿಸಿಕೊಂಡಿದ್ದಾನೆ, ಬೇಕಿದ್ದರೆ ವಿಚಾರಿಸು.

“ಧರ್ಮಣ್ಣಾರ, ನಮ್ಮ ಹುಡುಗ ನರ್ಸ್ ಅದಾನ್ರಿ.”

“ಆಡಳಿತದಾಗ ಅದಾನಂತ ಹೇಳಿದ್ರಲ್ರಿ?”

“ಹೇಳಿದ್ದೆ. ಅದು ತಪ್ಪು.”

“ಅದು ಹೆಣ್ಮಕ್ಕಳ ಕೆಲಸ ಅಲ್ಲೇನ್ರಿ?”

“ನಾನೂ ಹಂಗ ತಿಳ್ಕೊಂಡಿದ್ದೆ. ಒಂದೊಂದು ದವಾಖಾನಿ ತಿರುಗಿ ಎಣಿಸಿ ನೋಡೀನ್ರಿ. ಅಲ್ಲ.”

ಯಾವ ದವಾಖಾನೆ, ಪಗಾರ ಎಷ್ಟು ಎಂದು ಕೇಳಿದರು. ಆಮೇಲೆ, ದೀಪಾಲಿಯನ್ನು ಕೇಳಿ ಹೇಳುತ್ತೇನೆ ಅಂದರು. ಇವತ್ತಿನವರೆಗೆ ಫೋನು ಬಂದಿಲ್ಲ. ಸಂಬಂಧ ಕೈ ತಪ್ಪಿದರೂ ತಪ್ಪೀತು. ತಪ್ಪಿದರೆ ನನಗೆ ಬೇಸರವಾಗುತ್ತದೆ, ಇಲ್ಲವೆನ್ನುವುದಿಲ್ಲ. ನಿನ್ನ ಅವ್ವ ಮಾತ್ರ ಆ ದಿನ ಸಂಜೆ ಕೇಳದೆಯೇ ನನಗೆ ಎರಡನೇ ಸಲ ಚಹಾ ಮಾಡಿಕೊಟ್ಟಳು.

ಅವರು ಬರಲಿ, ಬಿಡಲಿ. ಅಕ್ಟೋಬರ್ ಐದಕ್ಕೆ ನೀನು ಬಾ.

ನಿನ್ನ ಅಪ್ಪ,
ಸಿದ್ರಾಮಪ್ಪ



ವಾಕಡ
28 ಸೆಪ್ಟೆಂಬರ್ 2025

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ಈ ಸಲ ಪತ್ರ ಮರುದಿನವೇ ಬಂತು. ಗೇಟಿನ ಸೆಕ್ಯುರಿಟಿಯವರು ‘ಕುಶಲ, ನರ್ಸ್, ಮೂರನೇ ಮಹಡಿ’ ಎಂಬ ವಿಳಾಸ ಓದಿ ನೇರ ಮೇಲೆ ಕಳಿಸಿದರು, ಎಲ್ಲೂ ನಿಲ್ಲಲಿಲ್ಲ. ಲಕೋಟೆಯನ್ನು ಅವ್ವಣ್ಣನಿಗೆ ಓದಿ ತೋರಿಸಿದೆ. ಅವರು ವಾರ್ಡಿಗೆಲ್ಲ ಹೇಳಿಕೊಂಡು ಕೂತಿದ್ದಾರೆ. ಬರುವ ವಾರ ಅವರನ್ನು ಮನೆಗೆ ಕಳಿಸುತ್ತಾರೆ.

ಭಾನುವಾರದ ಡ್ಯೂಟಿ ಬದಲಿಸಿಕೊಂಡಿದ್ದೇನೆ. ಶನಿವಾರ ರಾತ್ರಿಯ ಊಟಕ್ಕೇ ಬರುತ್ತೇನೆ. ಅವ್ವಗೆ ರೊಟ್ಟಿ ಬಡಿಯಲು ಹೇಳಿರಿ.

ಒಂದು ತಿದ್ದುಪಡಿ. ನಿನ್ನೆ ಲಾತೂರಿನಿಂದ ಒಬ್ಬ ಹೊಸಬ ಸೇರಿದ್ದಾನೆ. ಹನ್ನೊಂದನ್ನು ಹನ್ನೆರಡು ಮಾಡಿಕೊಳ್ಳಿರಿ. ಎಣಿಕೆಯ ದಿನಕ್ಕೆ ಇದ್ದವರಷ್ಟೇ ಲೆಕ್ಕ ಎಂದು ನೀವು ಅನ್ನುತ್ತೀರಿ, ಗೊತ್ತು. ಆದರೂ ಹೇಳಿದೆ.

ನಿಮ್ಮ ಆಶೀರ್ವಾದ ಇರಲಿ. ‘ಶೀ’ ನೋಡಿಕೊಳ್ಳಿರಿ.

ನಿಮ್ಮ ಮಗ,
ಬ್ರದರ್ ಕುಶಲ